ಕಾಲರಕ್ಕ ಹೊಲಿಯದ ಅಂಗಿ

ಸರಕಿನಂತೆ ತೂಗಿ ನೋಡಿದರೆ ಕಾಲರಕ್ಕನಿಗೆ ಯಾರೂ ಒಳ್ಳೆಯ ಬೆಲೆ ಕಟ್ಟಲಾರರು. ಆಳು ಕುಳ್ಳು, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದೆ, ದನಿ ಬೇಕಾದ್ದಕ್ಕಿಂತ ಎರಡಳತೆ ದೊಡ್ಡದು. ಆದರೆ ಬಾಳಿಕೆಯ ಮಾಲು. ಎಷ್ಟೋ ಸೂಪರ್‌ವೈಸರುಗಳು ಒಗೆದು ಹಿಂಡಿದರೂ ಬಣ್ಣ ಬಿಟ್ಟಿಲ್ಲ.

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಅಲ್ಲಿ ಒಬ್ಬೊಬ್ಬಳೂ ಅಂಗಿಯ ಒಂದೊಂದು ಭಾಗ ಹೊಲಿದು ಮುಂದಿನವಳಿಗೆ ದಾಟಿಸಬೇಕು. ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದು, ತಂಗಿ ಓದಿದ್ದು ಆ ಕುರ್ಚಿಯಿಂದ. ಅದು ಹೋದರೆ ಈ ವಯಸ್ಸಿನಲ್ಲಿ ಬೇರೆ ಕುರ್ಚಿ ಹಾಕಿ ಕರೆಯುವವರಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅರ್ಧ ಹೊಲಿದ ಅಂಗಿಗಳ ಮೂಟೆಗಳು ಬಂದವು. ಸೂಪರ್‌ವೈಸರ್ ಖುಷಿ ತಡೆಯಲಾಗದೆ ಆಡಬಾರದ್ದನ್ನು ಆಡಿಬಿಟ್ಟ.

"ಕಡಲಾಚೆ ನಮ್ಮ ಮಾಲೀಕರದ್ದೇ ಇನ್ನೊಂದು ಕಾರ್ಖಾನೆ ಇದೆಯಲ್ಲ, ಅಲ್ಲೀದು. ಬಸುರಿ ಒಬ್ಬಳನ್ನ ಕೆಲಸದಿಂದ ತೆಗೆದ್ರು ಅಂತ ಹೆಂಗಸರೆಲ್ಲಾ ಕೈಕಟ್ಟಿ ಕೂತಿದ್ದಾರೆ. ನೀವು ಮುಗಿಸಿಕೊಡಿ, ಅವರ ಸೊಕ್ಕು ತಾನಾಗೇ ಇಳಿಯುತ್ತೆ."

ಕಾಲರಕ್ಕ ಕೈಗೆ ಬಂದ ಅಂಗಿಯನ್ನು ಹೊರಳಿಸಿದಳು. ಹೊಲಿಗೆ ಭುಜದ ನಡುವೆಯೇ ನಿಂತಿತ್ತು. ದಾರ ಕತ್ತರಿಸುವಷ್ಟೂ ಕಾಯದೆ ಯಾರೋ ಎದ್ದುಹೋಗಿದ್ದರು. ಅವಳು ಪೆಡಲಿನಿಂದ ಕಾಲು ತೆಗೆದಳು.

"ಇದಕ್ಕೆ ನಾನು ಕಾಲರ್ ಹಾಕಲ್ಲ."

"ಯಾಕಕ್ಕಾ, ಆ ಬಸುರಿ ಏನು ನಿನ್ನ ಸೊಸೇನಾ?"

"ಸೊಸೆ ಆಗಿದ್ರೆ ಹಾಕ್ತಿದ್ದೆನೋ ಏನೋ, ಹಳೇ ಜಗಳ ಇರೋದು. ಇವಳ ಮೇಲೆ ನನಗೇನು ಸಿಟ್ಟಪ್ಪಾ?"

ಸಾಲಿನಲ್ಲಿ ಕಿಸಕ್ಕನೆ ನಗು ಹೊರಟಿತು. ಸೂಪರ್‌ವೈಸರನ ಮುಖ ಕೆಂಪಾಯಿತು.

"ಎದ್ದೇಳು ಹಾಗಾದ್ರೆ! ಆ ಕುರ್ಚೀಲಿ ಕೂರೋರು ಬೇಕಾದಷ್ಟು ಜನ ಇದ್ದಾರೆ."

ಕಾಲರಕ್ಕ ಎದ್ದಳು. ಆ ಅಂಗಿಯನ್ನು ಮಡಚಿ ಮೂಟೆಯ ಮೇಲೆ ವಾಪಸಿಟ್ಟಳು. ಅವನು ತೋಳು ಹೊಲಿಯುವವಳನ್ನು ಕರೆದ.

"ನನಗೆ ಕಾಲರ್ ಬರಲ್ಲ ಸಾರ್."

"ಹೋದ ವಾರ ತಾನೇ ಹಾಕಿದ್ದೆ!"

"ಅದಕ್ಕೇ ಸಾರ್, ಅಭ್ಯಾಸ ತಪ್ಪಿಹೋಯ್ತು."

ಜೇಬಿನವಳಿಗೆ ಇದ್ದಕ್ಕಿದ್ದಂತೆ ಕೈನೋವು ಬಂತು. ಗುಂಡಿ ಹಚ್ಚುವ ಹುಡುಗಿಗೆ ನೆಪ ಹೊಳೆಯಲಿಲ್ಲ. ಸುಮ್ಮನೆ ಎದ್ದು ನಿಂತಳು. ಒಂದೊಂದೇ ಮಷಿನ್ ನಿಲ್ಲುತ್ತಾ ಹೋಗಿ, ಆ ಹಾಲ್‌ನಲ್ಲಿ ಮೊದಲ ಸಲ ಫ್ಯಾನ್ ತಿರುಗುವ ಸದ್ದು ಕೇಳಿಸಿತು.

"ಎಲ್ಲರನ್ನೂ ಮನೆಗೆ ಕಳಿಸ್ತೀನಿ!"

"ಕಳಿಸಿ ಸಾರ್," ಎಂದಳು ಕಾಲರಕ್ಕ. "ಆಮೇಲೆ ಈ ಮೂಟೆ ಹೊತ್ಕೊಂಡು ಇನ್ಯಾವ ಕಡಲು ದಾಟ್ತೀರಿ?"

ಸಂಜೆಯೊಳಗೆ ಮೂಟೆಗಳು ಬಂದ ಲಾರಿಯನ್ನೇ ಹತ್ತಿದವು. ಕಾಲರಕ್ಕನನ್ನು ತೆಗೆದುಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಮಷಿನ್ ಕಸಿದುಕೊಂಡು, ದಾರ ಕತ್ತರಿಸುವ ಮೇಜಿಗೆ ತಳ್ಳಿದರು. "ನನ್ನಂಥವಳ ಕೈಗೆ ಕತ್ತರಿ ಕೊಟ್ಟಿದ್ದಾರೆ, ಪಾಪ, ಬುದ್ಧಿ ಸಾಲದು," ಎಂದು ಇವತ್ತಿಗೂ ನಗುತ್ತಾಳೆ.

ಆ ಕಾರ್ಖಾನೆಯ ಬೀದಿಯಲ್ಲೇ ಬಟ್ಟೆ ಅಂಗಡಿ ಇಟ್ಟವನು ನಾನು. ನೆಪ ಹೊಳೆಯದೆ ಎದ್ದುನಿಂತ ಆ ಹುಡುಗಿ ನನ್ನ ಮಗಳು. ಈಗ ಅವಳು ಬಸುರಿ. ಅವಳನ್ನು ಕೆಲಸ ಬಿಡಿಸುವ ಮಾತನ್ನು ಆ ಕಾರ್ಖಾನೆಯಲ್ಲಿ ಯಾರೂ ಎತ್ತಿಲ್ಲ. ಅದಕ್ಕಾಗಿ ನಾನು ಕಾಲರಕ್ಕನಿಗೆ ಋಣಿ.