ಅಳಿಯನಿಗೆ ಕೊಟ್ಟ ಏಳನೆಯ ಜಾಗ

ವಳಸಂಗದ ಕಬಡ್ಡಿ ತಂಡಕ್ಕೆ ಆಟಗಾರರನ್ನು ಆರಿಸುವ ಸಾತಲಿಂಗಪ್ಪ ನ್ಯಾಯಕ್ಕೆ ನಿಂತರೆ ದೇವೇಂದ್ರನನ್ನೂ ಅಂಗಳದ ಹೊರಗೆ ಕೂರಿಸುವಂಥ ಗಂಡಸು. ಅಂಥ ವೀರ ಹೆಂಡತಿ ಉಮಾಬಾಯಿಯ ಒಂದೇ ಮಾತಿಗೆ ಮಣ್ಣು ಮುಕ್ಕಿದ.

"ಅಧಿಕ ಮಾಸದಾಗ ಅಳಿಯಾರು ಮನೀಗಿ ಬಂದಾರ. ಅವರನ್ನ ಬಿಟ್ಟು ಮಂದೀನ ಆಡಸ್ತೀರೇನ್ರಿ? ಬೀಗರು ಏನಂದಾರು?"

ಅಧಿಕ ಮಾಸದಲ್ಲಿ ಅಳಿಯನೆಂದರೆ ದೇವರು. ಹೀಗಾಗಿ ಅಕ್ಕಲಕೋಟದ ಪಂದ್ಯಕ್ಕೆ ಏಳನೆಯವನಾಗಿದ್ದ ಭೀಮಣ್ಣ ಹೊರಬಿದ್ದ; ಸೊಲ್ಲಾಪುರದ ಬಟ್ಟೆ ವ್ಯಾಪಾರಿಯಾದ ಅಳಿಯ ಗುರುಶಾಂತ ಒಳಬಂದ.

ತೂಕದ ಮಿತಿಯಿದ್ದ ಪಂದ್ಯವಾದ್ದರಿಂದ ಆಟಕ್ಕೆ ಮೊದಲು ಎಲ್ಲರ ತೂಕ ನೋಡಿದರು. ವಾರವಿಡೀ ತುಪ್ಪದ ಹೋಳಿಗೆ ತಿಂದಿದ್ದ ಅಳಿಯ ಕಾಟಾದ ಮೇಲೆ ನಿಂತದ್ದೇ ತಡ, ಮುಳ್ಳು ಮಿತಿ ದಾಟಿ ದಿಗ್ವಿಜಯಕ್ಕೆ ಹೊರಟಿತು.

"ತೂಕ ಇಳಸ್ರಿ, ಇಲ್ಲಾಂದ್ರ ಇವ್ರು ಆಡಂಗಿಲ್ಲ" ಎಂದರು ಪಂಚರು.

ಆಟ ನೋಡಲು ಬಂದಿದ್ದ ಭೀಮಣ್ಣನೇ ಮುಂದೆ ಬಂದ. "ಚಿಂತಿ ಬ್ಯಾಡ್ರಿ ಕಾಕಾ, ನಾ ಓಡಸ್ತೀನಿ" ಎಂದು ಅಳಿಯನ ಕೈ ಹಿಡಿದು ಬಿಸಿಲಲ್ಲಿ ಮೈದಾನ ಸುತ್ತಿಸಿದ. ಸಾತಲಿಂಗಪ್ಪನ ಮೀಸೆ ತಾನಾಗಿಯೇ ಕೆಳಗಿಳಿಯಿತು.

ಸ್ವಲ್ಪ ಹೊತ್ತಿಗೆ ಅಳಿಯ ಮಾವನ ಕಾಲ ಬಳಿ ಕುಸಿದ. "ಮಾಮಾ, ಇವ್ರನ್ನೇ ಆಡಸ್ರಿ. ನಾ ಜಲ್ಮದಾಗ ಕಬಡ್ಡಿ ಆಡಿಲ್ರಿ."

"ಮತ್ತ ಮನ್ಯಾಗ ಯಾಕ ಹೇಳಲಿಲ್ರಿ?"

"ನೀವು ಕೇಳಲೇ ಇಲ್ಲಲ್ರಿ. ಮಾನ ಕೊಡಾಕತ್ತೀರಿ, ಬ್ಯಾಡ ಅನ್ನೂದು ಹ್ಯಾಂಗ?"

ಅಳಿಯ ಬಿಚ್ಚಿಕೊಟ್ಟ, ಬೆವರಿನಿಂದ ತೊಯ್ದಿದ್ದ ತಂಡದ ಅಂಗಿಯನ್ನು ಸಾತಲಿಂಗಪ್ಪ ತಲೆ ತಗ್ಗಿಸಿ ಭೀಮಣ್ಣನಿಗೆ ಚಾಚಿದ.

"ಇರ್ಲಿ ಬಿಡ್ರಿ ಕಾಕಾ" ಎಂದು ಭೀಮಣ್ಣ ಅದನ್ನೇ ತೊಟ್ಟು ಅಂಗಳಕ್ಕಿಳಿದ.

ಆಟವಿಡೀ ಸಾತಲಿಂಗಪ್ಪ ನೋಡಿದ್ದು ಅವನ ಕಾಲುಗಳನ್ನು ಮಾತ್ರ. ಮುಖ ನೋಡುವ ಧೈರ್ಯ ಆ ವೀರನಿಗೆ ಬರಲಿಲ್ಲ.