ಮಾಳಮಡ್ಡಿಯ ಮೂವತ್ತೊಂದು ಡಬ್ಬಿಗಳು

ಕೋವಿಡ್ ಹಾವಳಿ ತಣ್ಣಗಾದ ಎರಡನೆಯ ವರ್ಷ. ನಾನಾಗ ಧಾರವಾಡದ ಒಂದು ಪುನರ್ವಸತಿ ಕೇಂದ್ರದಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್. ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗದ ಜೊತೆ ಬದುಕುವುದನ್ನು ಕಲಿಸುವುದು ನನ್ನ ಕೆಲಸ. ಈ ಪ್ರಕರಣವನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತ, ಅದರಲ್ಲಿ ನನ್ನ ಪಾತ್ರ ದೊಡ್ಡದಾಗುತ್ತ ಹೋಗಿದೆ. ಆದ್ದರಿಂದ ಈ ಸಲ ಹಳೆಯ ಕೇಸ್ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನೆನಪು ಒಂದು, ನೋಟ್‌ಬುಕ್ ಇನ್ನೊಂದು ಹೇಳಿದರೆ ಎರಡನ್ನೂ ಹೇಳುತ್ತೇನೆ.

ಹವಾಲ್ದಾರ್ ಬಸವರಾಜ ಗಡಿಯಲ್ಲಿ ನೆಲಬಾಂಬ್ ಸಿಡಿದು ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಿದ್ದರು. ಸೈನ್ಯದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಕೃತಕ ಕಾಲೂ ಸಿಕ್ಕಿ, ರಜೆಯ ಮೇಲೆ ಬಂದಿದ್ದರು. ಮೂರು ತಿಂಗಳ ನಂತರ ಅವರು ಮೆಡಿಕಲ್ ಬೋರ್ಡ್ ಮುಂದೆ ಹಾಜರಾಗಬೇಕಿತ್ತು. ಗಾಯಗೊಂಡವರನ್ನು ಸೇವೆಯಲ್ಲಿ ಉಳಿಸಿಕೊಳ್ಳಬಹುದೇ, ಯಾವ ಕೆಲಸಕ್ಕೆ ಎಂದು ತೀರ್ಮಾನಿಸುವ ವೈದ್ಯರ ಮಂಡಳಿ ಅದು.

“ಬೋರ್ಡಿನ ಮುಂದ ಬಡಿಗಿ ಹಿಡಕೊಂಡು ಹೋಗಂಗಿಲ್ರಿ ಮೇಡಂ. ನಡಕೋತ ಹೋಗ್ತೇನಿ” ಎಂದು ಅವರು ಮೊದಲ ದಿನವೇ ಹೇಳಿದರು. ಈ ಮಾತು ನೋಟ್‌ಬುಕ್ಕಿನಲ್ಲೂ ಇದೆ, ಅಡಿಗೆರೆ ಸಮೇತ.

ಹಾಗೆ ನಡೆಯಲು ದಿನಾಲೂ ತರಬೇತಿ ಬೇಕು. ಅವರ ಊರು ಇಂಡಿ ತಾಲೂಕಿನ ಕಡೆ, ಎರಡು ಬಸ್ಸು ಬದಲಿಸಿ ಬರಬೇಕು. ಹೆಂಡತಿ ಸುನಂದಾ, ಆರು ವರ್ಷದ ಮಗಳು ಜೊತೆಗಿದ್ದರು. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿಗಳಿಗೇನೂ ಬರವಿಲ್ಲ, ಆದರೆ ಎಲ್ಲವೂ ವಿದ್ಯಾರ್ಥಿಗಳಿಗಾಗಿ ಕಟ್ಟಿದ ಮೂರನೇ ಮಹಡಿಯವು. ಕೊನೆಗೆ ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ವಿಮಲಾಬಾಯಿಯವರನ್ನು ಕೇಳಿದೆ. ಮಾಳಮಡ್ಡಿಯಲ್ಲಿ ಅವರ ಮನೆಯ ಹಿತ್ತಿಲಿಗೆ ಹೊಂದಿಕೊಂಡು ಎರಡು ಖೋಲಿಗಳಿದ್ದವು.

“ಖಾಲಿ ಬಿದ್ದಾವ, ಕರಕೊಂಡು ಬಾ” ಎಂದರು. “ಆದ್ರ ಬಾಡಗಿ ಅಂತ ಬಾಯಿ ತಗದ್ಯೋ, ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಆಸ್ಪತ್ರ್ಯಾಗ ಎಲ್ಲಾರಿಗೂ ಹೇಳ್ತೀನಿ.”

ಬಾಡಿಗೆಯ ಮಾತನ್ನು ಅಲ್ಲಿಗೇ ಬಿಟ್ಟೆ.

ಒಂದು ವಾರದಲ್ಲಿ ಆ ಓಣಿಯ ಹದಿಮೂರು ಮನೆಗಳು ಸೇರಿ ಖೋಲಿಗಳಿಗೆ ಸುಣ್ಣ ಹೊಡೆಸಿದವು. ಮೆಟ್ಟಿಲಿನ ಜಾಗದಲ್ಲಿ ಇಳಿಜಾರು ಕಟ್ಟಿಸಿದವು. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಎಂಬ ನಮ್ಮ ಲೆಕ್ಕವನ್ನು ಗೌಂಡಿಗೆ ನಾನೇ ನಿಂತು ಹೇಳಿದೆ. ಮಗಳಿಗೆ ಸಾಲೆಯೂ ಸಿಕ್ಕಿತು. ಇನ್ನು ಊಟದ ವಿಷಯ. ವಿಮಲಾಬಾಯಿ ತಮ್ಮ ಹಳೆಯ ಕಪ್ಪು ಹಲಗೆಯನ್ನು ಕಟ್ಟೆಯ ಮೇಲಿಟ್ಟು, ಯಾವ ದಿನ ಯಾರ ಮನೆಯ ನಾಷ್ಟಾ, ಯಾರ ಮನೆಯ ಊಟ ಎಂದು ವೇಳಾಪಟ್ಟಿ ಬರೆದರು. ಖೋಲಿಯಲ್ಲಿ ಒಲೆ ಇಡುವುದು ಬೇಡ ಎಂದಾಯಿತು. ಗಂಡನ ಆರೈಕೆ ಮಾಡುವವಳಿಗೆ ಅಡಿಗೆಯ ಕೆಲಸವೇಕೆ? ಓಣಿ ಇದ್ದದ್ದೇ ಅದಕ್ಕೆ.

ಮೊದಲ ಮೂರು ವಾರ ಬಸವರಾಜ ನನ್ನ ಅತ್ಯುತ್ತಮ ವಿದ್ಯಾರ್ಥಿ. ಪ್ಯಾರಲಲ್ ಬಾರ್ ಅಂದರೆ ಎರಡೂ ಕಡೆ ಹಿಡಿದು ನಡೆಯುವ ಕಂಬಿಗಳು. ಅವುಗಳ ನಡುವೆ ಕವಾಯತು ಮಾಡುವಂತೆ ನಡೆಯುತ್ತಿದ್ದರು. ಊಟ ಹೇಗಿದೆ ಎಂದು ಕೇಳಿದರೆ ಆಚೀಚೆ ನೋಡಿ ದನಿ ತಗ್ಗಿಸುತ್ತಿದ್ದರು.

“ಛಲೋ ಐತ್ರಿ. ಆದ್ರ ಈ ಓಣ್ಯಾಗ ಪಲ್ಯಾಕೂ ಬೆಲ್ಲ, ಸಾರಿಗೂ ಬೆಲ್ಲ. ಇನ್ನ ನೀರಿಗೊಂದು ಹಾಕೂದು ಬಾಕಿ.”

ನಾಲ್ಕನೆಯ ವಾರ ಏನೋ ಕೆಟ್ಟಿತು. ಕಂಬಿಗಳ ನಡುವೆ ನಡಿಗೆ ಸರಿಯಿತ್ತು, ಆದರೆ ಮನೆಯಲ್ಲಿ ಅಭ್ಯಾಸವಿಲ್ಲ. ಹೊರಗೇ ಬರುತ್ತಿಲ್ಲ ಎಂದು ವಿಮಲಾಬಾಯಿ ಫೋನ್ ಮಾಡಿದರು. ಶನಿವಾರ ಬಸವರಾಜ ನನ್ನ ಮುಖ ನೋಡದೆ ಹೇಳಿದರು: “ಸೋಮವಾರ ಟೆಂಪೋ ಹೇಳೇನ್ರಿ ಮೇಡಂ. ಊರಿಗೆ ಹೋಗ್ತೇವಿ.”

ಕಾರಣ ಕೇಳಿದರೆ ಹೊಲ, ತಾಯಿ, ಹವಾ ಎಂದು ಮೂರು ಹೇಳಿದರು. ಒಂದೇ ಹೇಳಿದ್ದರೆ ನಂಬುತ್ತಿದ್ದೆನೇನೋ. ಆಗ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಈ ತಿಂಗಳುಗಳಲ್ಲಿ, ಕತ್ತರಿಸಿದ ಮೇಲೆ ಉಳಿದ ಕಾಲಿನ ತುಂಡಿನ ಗಾತ್ರ ಕುಗ್ಗುತ್ತಿರುತ್ತದೆ. ಅದು ಕೂರುವ ಬಟ್ಟಲನ್ನು ಸಾಕೆಟ್ ಎನ್ನುತ್ತೇವೆ. ಅದನ್ನು ಆಗಾಗ ಸರಿಪಡಿಸದಿದ್ದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಹುಣ್ಣಾದವರು ಕೃತಕ ಕಾಲನ್ನು ಮೂಲೆಗಿಟ್ಟು ಮತ್ತೆ ಬಡಿಗೆ ಹಿಡಿಯುತ್ತಾರೆ. ಬೋರ್ಡಿನ ಮುಂದೆ ಬಸವರಾಜ ಬಡಿಗೆ ಹಿಡಿದೇ ನಿಲ್ಲಬೇಕಾಗುತ್ತಿತ್ತು.

ಅವತ್ತೇ ಸಂಜೆ ಮಾಳಮಡ್ಡಿಗೆ ಹೋದೆ. ಸುನಂದಾ ಬಾಗಿಲಲ್ಲೇ ನಿಂತು ಮಾತಾಡಿಸಿದರು, ಒಳಗೆ ಕರೆಯಲಿಲ್ಲ. ನಾನು ನಡಿಗೆಯ ಜಾಗ ಅಳೆಯಬೇಕು ಎಂದು ಟೇಪು ತೋರಿಸಿ ಒಳಹೊಕ್ಕೆ. ಅದು ಸುಳ್ಳು, ಜಾಗವನ್ನು ಆಗಲೇ ಅಳೆದಿದ್ದೆ. ಮಂಚದ ಕೆಳಗೆ, ಕಿಟಕಿಯ ಮೇಲೆ, ಗೋಡೆಯುದ್ದಕ್ಕೆ ಸ್ಟೀಲಿನ ಡಬ್ಬಿಗಳು, ಪಾತೇಲಿಗಳು, ಟಿಫಿನ್ ಕ್ಯಾರಿಯರ್‌ಗಳು. ಒಂದರೊಳಗೊಂದು ಕೂರಿಸಿ, ಹೊಳೆಯುವಂತೆ ತಿಕ್ಕಿ ಇಟ್ಟಿದ್ದರು. ಅವುಗಳ ಮೇಲೆ ಯಾರ್ಯಾರದೋ ಹೆಸರು, ಮದುವೆಯ ತಾರೀಖು ಕೊರೆಸಿದ್ದರು. ಮೂವತ್ತೊಂದು. ಇದನ್ನು ನೋಟ್‌ಬುಕ್ಕೂ ಒಪ್ಪುತ್ತದೆ.

“ಇವನ್ನ್ಯಾಕ ವಾಪಸ್ ಕೊಟ್ಟಿಲ್ಲವ್ವಾ?” ಎಂದೆ.

ಸುನಂದಾ ನನ್ನನ್ನು ಬೇರೆ ದೇಶದವಳಂತೆ ನೋಡಿದರು. “ಖಾಲಿ ಡಬ್ಬಿ ಹೆಂಗ ಕೊಡೂದ್ರಿ ಅಕ್ಕಾರ? ಏನರ ಮಾಡಿ ಹಾಕಿ ಕೊಡಬೇಕು. ಮಾಡಾಕ ಒಲಿ ಇಲ್ಲ. ಒಂದು ಮುಟಗಿ ಸಕ್ಕರಿ ಹಾಕಿ ಕೊಡೂನಂದ್ರ ಆ ಸಕ್ಕರೀನೂ ಅವರ ಮನೀದ.”

ಮಂಚದ ಮೇಲೆ ಕೂತಿದ್ದ ಬಸವರಾಜ ಸೇರಿಸಿದರು: “ಹೊರಗ ಹೋದ್ರ ಡಬ್ಬಿ ಮಾಲಕರ ಎದರ ಬರ್ತಾರ್ರಿ. ಹದಿಮೂರು ಮನಿ. ಎಲ್ಲೆ ತಪ್ಪಿಸಿಕೊಳ್ಳೂದು? ಗಡಿ ಕಾಯೂದು ಹಗುರಿತ್ತು.”

ಈ ಪದ್ಧತಿ ನನಗೆ ಗೊತ್ತಿರಲಿಲ್ಲವೇ? ನಮ್ಮ ತಾಯಿ ಮೊಸರಿನ ಗಿಂಡಿಯಲ್ಲಿ ನಾಲ್ಕು ಕಾಳು ಅಕ್ಕಿಯನ್ನಾದರೂ ಹಾಕದೆ ಎಂದೂ ವಾಪಸು ಕಳಿಸಿದವರಲ್ಲ. ಆದರೂ ನಾಲ್ಕು ವಾರ ನಾನು ಆ ಮನೆಯಲ್ಲಿ ಬಾಗಿಲಿನ ಅಗಲ ಅಳೆದೆ, ಇಳಿಜಾರು ಅಳೆದೆ. ಒಲೆಯ ಜಾಗ ಖಾಲಿ ಇದ್ದದ್ದು ಕಾಣಲಿಲ್ಲ.

ವಿಮಲಾಬಾಯಿಯವರ ಕಟ್ಟೆಗೆ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಅಯ್ಯ, ನಾವೂ ಕೇಳಲಿಲ್ಲ. ಸಿಪಾಯಿ ಮನೀಗೆ ಹೋಗಿ ಡಬ್ಬಿ ಕೊಡ್ರಿ ಅಂತ ಕೇಳೋದು ಹ್ಯಾಂಗ? ಓಣ್ಯಾಗ ಡಬ್ಬಿ ಮುಗದುಹೋಗ್ಯಾವ, ಜ್ಯೋತಿ. ಮೊನ್ನೆ ನಾ ಹುಳಿ ಕುಕ್ಕರಿನ್ಯಾಗ ಕಳಿಸೀನಿ. ಎದುರು ಮನಿ ಜೋಶಿ ಆಫೀಸಿಗೆ ಪ್ಲಾಸ್ಟಿಕ್ ಚೀಲದಾಗ ಅವಲಕ್ಕಿ ಒಯ್ಯಲಿಕ್ಕತ್ತಾನ.”

ಇಲ್ಲಿಯವರೆಗೆ ಈ ಕಥೆಯನ್ನು ನಾನು ಯಾವಾಗಲೂ ಓಣಿಯ ಅತಿಪ್ರೀತಿಯ ಕಥೆಯಾಗಿ ಹೇಳುತ್ತ ಬಂದಿದ್ದೆ. ಒಲೆ ಬೇಡವೆಂದದ್ದು ವಿಮಲಾಬಾಯಿ ಎಂದೇ ನನ್ನ ನೆನಪು. ಈಗ ನೋಟ್‌ಬುಕ್ಕಿನ ಮೊದಲ ಭೇಟಿಯ ಪುಟ ತೆಗೆದರೆ ಅಲ್ಲಿ ನೀಲಿ ಶಾಯಿಯಲ್ಲಿ ಹೀಗಿದೆ: “ನಡೆಯುವ ದಾರಿಯಲ್ಲೇ ಅಡಿಗೆ ಜಾಗ. ಬೀಳುವ ಅಪಾಯ. ಸದ್ಯಕ್ಕೆ ಒಲೆ ಬೇಡ ಎಂದು ಹೇಳಲಾಯಿತು.” ಅಕ್ಷರ ನನ್ನದು. ಓಣಿಯವರು ನನ್ನ ಮಾತನ್ನು ನಡೆಸಿಕೊಟ್ಟಿದ್ದರು, ಅಷ್ಟೇ. ವಿಮಲಾಬಾಯಿ ಅವತ್ತು ಕಟ್ಟೆಯ ಮೇಲೆ ಅದನ್ನು ನೆನಪಿಸಬಹುದಿತ್ತು. ನೆನಪಿಸಲಿಲ್ಲ.

ಮರುದಿನ ಬೆಳಿಗ್ಗೆ ಆ ಖೋಲಿಗೆ ಒಲೆ ಬಂತು. ಒಂದಲ್ಲ, ನಾಲ್ಕು. ಯಾರ ಸರದಿ ಎಂದು ಹಲಗೆಯ ಮೇಲೆ ಬರೆಯದೆ ಬಿಟ್ಟರೆ ಆ ಓಣಿ ಹಾಗೆಯೇ. ಮೂರನ್ನು ವಾಪಸು ಕಳಿಸಿ, ಒಂದನ್ನು ನಡೆಯುವ ದಾರಿ ಬಿಟ್ಟು ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟೆವು. ಅದಕ್ಕೆ ಬೇಕಾದದ್ದು ಎರಡೂವರೆ ಅಡಿ ಜಾಗ, ಹತ್ತು ನಿಮಿಷ. ಸುನಂದಾ ಊರಿನಿಂದ ತಂದಿದ್ದ ಶೇಂಗಾ ಹುರಿದರು. ಮಧ್ಯಾಹ್ನದ ಹೊತ್ತಿಗೆ ಹಿತ್ತಿಲೆಲ್ಲ ಶೇಂಗಾ ಹೋಳಿಗೆಯ ವಾಸನೆ. ಟೆಂಪೋದವನಿಗೆ ಬಸವರಾಜ ತಾವೇ ಫೋನ್ ಮಾಡಿ ಬೇಡವೆಂದರು.

ಆಗ ನನಗೊಂದು ಉಪಾಯ ಹೊಳೆಯಿತು. ಅಥವಾ ಸುನಂದಾಗೆ ಹೊಳೆಯಿತು. ಅವರು ತಮ್ಮದೆನ್ನುತ್ತಾರೆ, ನೋಟ್‌ಬುಕ್ ಸುಮ್ಮನಿದೆ. ಡಬ್ಬಿಗಳನ್ನು ಹಿಂತಿರುಗಿಸುವ ಕೆಲಸ ಬಸವರಾಜರದು. ನಡೆದೇ ಕೊಡಬೇಕು, ದಿನಕ್ಕೆ ಎರಡು ಮನೆ. ಮೊದಲ ದಿನ ವಿಮಲಾಬಾಯಿಯವರ ಮುಂಬಾಗಿಲು, ಇಪ್ಪತ್ತೆರಡು ಹೆಜ್ಜೆ. ಕೈಯಲ್ಲಿ ಭಾರ ಹಿಡಿದು ನಡೆಯುವುದು ನಮ್ಮ ತರಬೇತಿಯ ಒಂದು ಮುಖ್ಯ ಹಂತ. ನಮ್ಮ ಕೇಂದ್ರದಲ್ಲಿ ಅದಕ್ಕೆ ಮರಳಿನ ಚೀಲ ಬಳಸುತ್ತೇವೆ. ಎರಡನೆಯ ವಾರ ಹೋಳಿಗೆ ಬಿಟ್ಟು ಸಾರು ಕಳಿಸಿ ಎಂದೆ, ಮುಚ್ಚಳವಿಲ್ಲದೆ. ತುಳುಕಿದರೆ ಸೊಂಟ ಎಡಕ್ಕೆ ವಾಲುತ್ತಿದೆ ಎಂದರ್ಥ. ಇಷ್ಟು ಕರಾರುವಾಕ್ಕಾದ ಉಪಕರಣ ನಮ್ಮ ಕೇಂದ್ರದಲ್ಲಿ ಇರಲಿಲ್ಲ.

“ಖಾರ ಎಷ್ಟ ಹಾಕ್ಯಾರ್ರಿ ನಿಮ್ಮನ್ಯಾಗ!” ಎಂದು ಜೋಶಿಯವರು ಕಣ್ಣೊರೆಸಿಕೊಳ್ಳುತ್ತ ಎರಡನೇ ಸಲ ಬಡಿಸಿಕೊಂಡರು.

“ನಿಮ್ಮ ಬೆಲ್ಲಕ್ಕ ಜವಾಬ್ರಿ ಸರ” ಎಂದರು ಬಸವರಾಜ.

ನಾನು ಲೆಕ್ಕ ಹಾಕದ ಒಂದು ವಿಷಯವಿತ್ತು. ತುಂಬಿ ಹೋದ ಡಬ್ಬಿಯನ್ನು ಓಣಿಯವರಾದರೂ ಖಾಲಿ ಇಟ್ಟುಕೊಳ್ಳುವಂತಿರಲಿಲ್ಲ. ಅದು ಮತ್ತೆ ತುಂಬಿ ಬರುತ್ತಿತ್ತು, ಬಸವರಾಜ ಮತ್ತೆ ಹೊರಡುತ್ತಿದ್ದರು. ಹದಿಮೂರನೇ ಮನೆಗೆ ಒಂಬತ್ತು ಮೆಟ್ಟಿಲು. ಅವನ್ನು ಹತ್ತಿದ ದಿನ ಓಣಿಯ ಹೆಂಗಸರು ಏನೂ ಆಗಿಲ್ಲವೆಂಬಂತೆ ಬಾಗಿಲುಗಳಲ್ಲಿ ನಿಂತು ಬೇರೆಲ್ಲೋ ನೋಡುತ್ತಿದ್ದರು.

ಮೂರು ತಿಂಗಳಾದ ಮೇಲೆ ಬಸವರಾಜ ಬೋರ್ಡಿನ ಮುಂದೆ ನಡೆದು ಹೋದರು. ಸೈನ್ಯದ ತರಬೇತಿ ಕೇಂದ್ರವೊಂದರ ಉಗ್ರಾಣದಲ್ಲಿ ಕೆಲಸ, ಕುಟುಂಬಕ್ಕೆ ಕ್ವಾರ್ಟರ್ಸ್ ಸಿಕ್ಕಿತು. ಸುನಂದಾ ಹೊರಡುವ ಮುನ್ನ ಎಲ್ಲ ಡಬ್ಬಿಗಳನ್ನೂ ತಲುಪಿಸಿದರು. ಹೆಸರು ಕೊರೆಸದ ಒಂದು ಮಾತ್ರ ಉಳಿಯಿತು. ಓಣಿಯಲ್ಲಿ ಯಾರೂ ತಮ್ಮದೆನ್ನಲಿಲ್ಲ.

ಅವರು ಊರು ಬಿಡುವ ಮುನ್ನ ಒಂದು ಬೆಳಿಗ್ಗೆ ನನ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ನಾನಿರುವುದು ಸಪ್ತಾಪುರದ ಅಂಥದೇ ಒಂದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ತೆರೆದರೆ ಬಸವರಾಜ, ಕೈಯಲ್ಲಿ ಡಬ್ಬಿ. ಸುನಂದಾ ಇನ್ನೂ ಒಂದು ಮಹಡಿ ಕೆಳಗೆ, ಕಂಬಿ ಹಿಡಿದು ಸುಧಾರಿಸಿಕೊಳ್ಳುತ್ತಿದ್ದರು.

“ನಿಮ್ಮ ಡಬ್ಬಿ ತಗೋರಿ ಮೇಡಂ. ಮೊದಲನೇ ದಿನ ಉಪ್ಪಿಟ್ಟು ತಂದಿದ್ರಲ್ಲ?”

ನಾನು ಉಪ್ಪಿಟ್ಟು ಒಯ್ದ ನೆನಪು ನನಗಿಲ್ಲ. ಅಂಥ ಡಬ್ಬಿ ನಮ್ಮ ಮನೆಯಲ್ಲಿ ಇದ್ದ ಹಾಗೂ ಇಲ್ಲ. ಆದರೂ ತೆಗೆದುಕೊಂಡೆ. ಈಗ ಯಾವುದೇ ಮನೆಗೆ ಭೇಟಿ ಕೊಟ್ಟಾಗ ಬಾಗಿಲಿನ ಅಗಲಕ್ಕಿಂತ ಮೊದಲು ನಾನು ಬರೆದುಕೊಳ್ಳುವುದು ಒಲೆ ಎಲ್ಲಿದೆ ಎಂಬುದನ್ನು. ಆ ಕುಟುಂಬದಿಂದ ಕಲಿತದ್ದು ಅದು. ಪಡೆಯುವುದು ಮಾತ್ರ ಉಳಿದ ಮನೆಯಲ್ಲಿ ಯಾರೂ ಬಹಳ ದಿನ ನಿಲ್ಲುವುದಿಲ್ಲ.

ಅವತ್ತು ಡಬ್ಬಿಯಲ್ಲಿ ಸಾರು ಇತ್ತು, ಮುಚ್ಚಳವಿರಲಿಲ್ಲ. ಅವರು ಹೋದ ಮೇಲೆ ಚಪ್ಪಲಿ ಮೆಟ್ಟಿ, ಐವತ್ನಾಲ್ಕು ಮೆಟ್ಟಿಲನ್ನೂ ಬಗ್ಗಿ ನೋಡುತ್ತ ಕೆಳಗಿನವರೆಗೆ ಇಳಿದೆ. ಎಲ್ಲೂ ಒಂದು ಹನಿ ಇರಲಿಲ್ಲ.