ಕೌದಿಗೆ ಸೇರಿದ ಸೆರಗು

ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ವಿಶಾಲಮ್ಮ ಇಪ್ಪತ್ತೆರಡು ವರ್ಷ ಹೊಲಿದದ್ದು ಜೇಬು, ಬರೀ ಜೇಬು. ಪ್ಯಾಂಟು ಪೂರ್ತಿಯಾಗುತ್ತಿದ್ದದ್ದು ಬೇರೆ ಯಾರದೋ ಕೈಯಲ್ಲಿ. ದಿನವಿಡೀ ಮಿಷಿನ್ನಿನ ಗಡಗಡ, ಬೆನ್ನ ಹಿಂದೆ "ಬೇಗ, ಬೇಗ" ಅನ್ನುವ ಮೇಸ್ತ್ರಿ. ಆ ಕೆಲಸ ಬಿಟ್ಟ ವರ್ಷವೇ ಮಗಳು ಹರಿತಾ ಬಾಣಂತನಕ್ಕೆ ಬಂದಳು. ಮೊಮ್ಮಗಳಿಗೆ ಕೈಯಲ್ಲೇ ಒಂದು ಕೌದಿ ಹೊಲಿಯುತ್ತೇನೆಂದು ವಿಶಾಲಮ್ಮ ಕೂತಳು. ತೊಟ್ಟಿಲಿಗೆ ಹಾಕುವ ದಿನ ಕೂಸು ಅದರ ಮೇಲೇ ಮಲಗುತ್ತದೆಂದು ಬಳ್ಳಾರಿಯ ಬೀಗಿತ್ತಿ ಉಜ್ಜಿನಮ್ಮನಿಗೆ ಮಾತನ್ನೂ ಕೊಟ್ಟುಬಿಟ್ಟಳು.

ಮಾತು ಕೊಟ್ಟವಳು ಬೇಗ ಮುಗಿಸಬೇಕೋ ಬೇಡವೋ? ಈಕೆ ಹಳೇ ಸೀರೆಯ ಒಂದೊಂದು ತುಂಡನ್ನೂ ಮಡಿಲಲ್ಲಿಟ್ಟು ಸವರುವಳು, ಹಸಿರಿನ ಪಕ್ಕ ಹಳದಿ ಇಟ್ಟು ನೋಡುವಳು, ಸಾಲು ಸೊಟ್ಟ ಕಂಡರೆ ಬಿಚ್ಚುವಳು. ಬಿಚ್ಚುವಾಗಲೂ ಮುಖದ ಮೇಲೆ ನಗು! ಗಡಿಯಾರ ನೋಡದೆ ಸೂಜಿ ಹಿಡಿದದ್ದು ಆಕೆಗೆ ಅದೇ ಮೊದಲು.

"ಅವ್ವಾ, ಮಿಷಿನ್ನಿಗೆ ಹಾಕಿದ್ರ ಒಂದು ತಾಸಿನ ಕೆಲಸ. ಯಾಕ ಒದ್ದಾಡ್ತಿ? ನಮ್ಮತ್ತಿ ಮುಂದ ಮಾನ ಕಳೀತಿ ನೋಡು," ಎಂದು ಹರಿತಾ ಗೊಣಗುತ್ತಿದ್ದಳು.

"ಒಂದು ತಾಸಿನ್ಯಾಗ ಮುಗಿದ್ರ ಉಳಿದ ದಿನ ಏನು ಮಾಡ್ಲಿ ನಾನು?"

ತೊಟ್ಟಿಲ ದಿನ ಬೆಳಗಾದಾಗ ಇನ್ನೂ ಒಂದು ಮೊಳ ಉಳಿದಿತ್ತು. ವಿಶಾಲಮ್ಮ ಈಗ ಗಡಿಯಾರ ನೋಡಿದಳು. ಹೊಸ ಸೀರೆಯುಟ್ಟು, ಹಾಸಿದ ಕೌದಿಯ ಮೇಲೇ ಕೂತು, ಶೆಡ್ಡಿನಲ್ಲಿ ಇದ್ದವಳ ಹಾಗೆ ಸರಸರ ಸೂಜಿ ಓಡಿಸಿದಳು. ಅಷ್ಟರಲ್ಲಿ ಬೀಗರ ಆಟೋ ಬಂದು ನಿಂತಿತು. ಎದುರುಗೊಳ್ಳಲು ಎದ್ದರೆ ಯಾರೋ ಸೆರಗು ಜಗ್ಗಿದಂತಾಯಿತು. ಅಯ್ಯೋ ದೇವರೇ! ಅವಸರದಲ್ಲಿ ತನ್ನ ಸೆರಗನ್ನೇ ಕೌದಿಗೆ ಸೇರಿಸಿ ಎರಡು ಸಾಲು ಹೊಲಿದುಬಿಟ್ಟಿದ್ದಳು.

ನಾಚಿಕೆಯಿಂದ ಕುಗ್ಗಿ ಹಾಗೇ ಕೂತಳು. ಹೊಲಿಗೆ ಬಿಚ್ಚುತ್ತ ಕೂತರೆ ಹೊತ್ತು ಮೀರುತ್ತದೆಂದು ಕೊನೆಗೆ ಅಂಗಡಿಯಿಂದ ತಂದ ಹೊದಿಕೆ ಹಾಸಿ ಕೂಸನ್ನು ತೊಟ್ಟಿಲಿಗೆ ಹಾಕಿದರು. ಅದು ಕಿಟಾರನೆ ಕಿರುಚಿತು. ಯಾರು ತೂಗಿದರೂ ಸುಮ್ಮನಾಗಲಿಲ್ಲ. ಉಜ್ಜಿನಮ್ಮ ಅದನ್ನೆತ್ತಿ ತಂದು ವಿಶಾಲಮ್ಮನ ಮಗ್ಗುಲಲ್ಲಿ, ಕೌದಿಯ ಹೊಲಿದಾದ ಭಾಗದ ಮೇಲೆ ಮಲಗಿಸಿದಳು. ಕೂಸು ಮುಷ್ಟಿ ಬಿಗಿದು, ಒಂದು ಸಲ ಆಕಳಿಸಿ, ನಿದ್ದೆ ಹೋಯಿತು.

ಸೆರಗು ಬಿಡಿಸಲು ಹರಿತಾ ಕತ್ತರಿ ಹಿಡಿದು ಓಡಿಬಂದಳು.

"ಬ್ಯಾಡವ್ವಾ, ಕೂಸು ಎದ್ದೀತು," ಎಂದು ಉಜ್ಜಿನಮ್ಮ ತಡೆದಳು. ವಿಶಾಲಮ್ಮನ ಕಡೆ ತಿರುಗಿ, "ಕೊಟ್ಟ ಮಾತು ಉಳಿಸಿಕೊಂಡ್ರಿ ಬಿಡ್ರಿ ನೀವು," ಎಂದಳು.

ವಿಶಾಲಮ್ಮನ ಕಣ್ಣು ತುಂಬಿ ಬಂತು. ತಾನೇನು ಪುಣ್ಯ ಮಾಡಿದ್ದೆನೋ ಅನ್ನಿಸಿತು.

"ಹಂಗಾದ್ರ ಈ ಸೂಜಿಗೊಂದಿಷ್ಟು ದಾರ ಪೋಣಿಸಿ ಕೊಡ್ರಿ," ಎಂದಳು. "ಕೂಸು ಏಳೋತನಕ ನನಗೂ ಏಳಾಕಾಗಂಗಿಲ್ಲ."